ಟೈರಿನ ಮೇಲೆ ಟಾರಸ್‌ನ ಅಕ್ಷರ

ಸಾಸ್ಕಟೂನ್
ಅಕ್ಟೋಬರ್ 14

ಪ್ರೀತಿಯ ಲಾರಿಸಾ,

ಹೇಗಿದ್ದೀಯ ಮಗಳೇ? ರಾತ್ರಿ ಒಂದಿಷ್ಟಾದರೂ ನಿದ್ದೆ ಬರುತ್ತಿದೆಯೇ? ಹಾನ್ಯಾಳ ಕೆಮ್ಮು ಇಳಿಯಿತೇ? ವಿನಿಪೆಗ್‌ನ ಗಾಳಿ ಮೊಮ್ಮಗಳಿಗೆ ಒಗ್ಗುವುದಿಲ್ಲವೆಂದು ನಿನ್ನ ಅತ್ತೆ ಓಲ್ಗಾ ದಿನಾ ಗೊಣಗುತ್ತಾಳೆ. ನೀವಿಬ್ಬರೂ ಹೋದಮೇಲೆ ಇಲ್ಲಿನ ಗಾಳಿ ನಮಗೂ ಒಗ್ಗುತ್ತಿಲ್ಲ ಬಿಡು. ಪೆರೋಗಿ ಕಡುಬು ಮಾಡಿ ಮಾಡಿ ಫ್ರೀಜರ್ ತುಂಬಿಸಿಟ್ಟಿದ್ದಾಳೆ, ಯಾರು ತಿನ್ನಬೇಕೋ!

ಭಾನುವಾರ ಫೋನಿನಲ್ಲಿ, "ಮಾವ, ಹಳೇ ಕಾರು ಮಾರಿ ಬೇರೆ ತಗೊಂಡೆ. ನಿಮ್ಮ ಗ್ಯಾರೇಜಲ್ಲಿರೋ ಚಳಿಗಾಲದ ಟೈರು ಇದಕ್ಕೂ ಆಗುತ್ತಲ್ವಾ? ಎರಡ್ರಲ್ಲೂ ಹದಿನೈದು ಅಂತಲೇ ಇದೆ" ಅಂದೆಯಲ್ಲ, ಅಯ್ಯೋ ಮಹರಾಯ್ತಿ! ಕಾರಿನ ಬಾಗಿಲ ಕಂಬದ ಚೀಟಿ ನೋಡಿ ಹೇಳು ಅಂದ ಕೂಡಲೇ ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಹದಿನೈದು ಎಂಬುದು ಟೈರು ಕೂರುವ ರಿಮ್ಮಿನ ಅಳತೆ, ಇಂಚಿನಲ್ಲಿ. ಅದೊಂದನ್ನೇ ನೋಡಿ ಟೈರು ಹಾಕಿಸುವುದೆಂದರೆ ಕೊರಳಿನ ಅಳತೆ ಕೊಟ್ಟು ಪ್ಯಾಂಟು ಹೊಲಿಸಿದ ಹಾಗೆ. ಇಲ್ಲಿರುವ ಟೈರಿನ ಮೇಲೆ 195/65 ಆರ್ 15 91ಟಿ ಎಂದಿದೆ. 195 ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಅದರ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಅರವತ್ತೈದು ಪಾಲು. ಆರ್ ಅನ್ನುವುದು ಒಳಗಿನ ನೂಲು ಹಾಕಿದ ಬಗೆ. ಆಮೇಲಿನ 91ಟಿ, ಹೊರುವ ಭಾರ ಮತ್ತು ತಾಳುವ ವೇಗ. ಈಗ ಕಾರಿನಲ್ಲಿರುವ ಟೈರನ್ನು ನಂಬಬೇಡ, ಹಳೆಯ ಮಾಲೀಕ ಏನು ತುರುಕಿದ್ದಾನೋ ಯಾರಿಗೆ ಗೊತ್ತು. ಡ್ರೈವರ್ ಬಾಗಿಲು ತೆರೆದರೆ ಕಾಣುವ, ಕಾರು ಮಾಡಿದವರು ಅಂಟಿಸಿದ ಚೀಟಿಯ ಅಳತೆಯೇ ಸರಿ.

ಇದೆಲ್ಲ ನಿನಗೆ ಗೊತ್ತಿಲ್ಲದಿದ್ದರೆ ತಪ್ಪೇನು? ಹಿಮ ಬೀಳುವ ಮುಂಚೆ ಟೈರು ಬದಲಿಸುವ ಕೆಲಸ ಟಾರಸ್‌ನದಾಗಿತ್ತು. ಏಪ್ರಿಲ್‌ನಲ್ಲಿ ಬಿಚ್ಚಿಟ್ಟಾಗ ಯಾವುದು ಯಾವ ಮೂಲೆಯದೆಂದು ಸೀಮೆಸುಣ್ಣದಲ್ಲಿ ಬರೆದಿದ್ದಾನೆ. ಒಂದರ ಮೇಲೆ, "ಲಾರಾ, ಮೆಲ್ಲಗೆ ಬ್ರೇಕ್ ಒತ್ತೇ ತಾಯೀ!" ಜುಲೈನಲ್ಲಿ ನನ್ನ ಮಗನ ಎದೆಬಡಿತ ನಿಂತುಹೋಯಿತು, ಅವನ ಸೀಮೆಸುಣ್ಣ ಮಾತ್ರ ಹಾಗೇ ಇದೆ. ಎಲ್ಲವನ್ನೂ ಫೋನಿನಲ್ಲೇ ಒತ್ತುತ್ತಿದ್ದವನು. ಅವನ ಕೈಬರಹ ಈ ಮನೆಯಲ್ಲಿ ಇನ್ನೆಲ್ಲೂ ಇಲ್ಲ. ದಿನಾ ಹೊದಿಕೆ ಸರಿಸಿ ನೋಡುತ್ತೇನೆ, ಮುಟ್ಟುವುದಿಲ್ಲ. "ಟೈರ್ ಮುಂದೆ ಕೂತು ಅಳ್ತೀಯಲ್ಲೋ ಮುದುಕಾ, ಎದ್ದು ಬಾ, ಸೂಪು ಆರೋಗುತ್ತೆ" ಎಂದು ಓಲ್ಗಾ ಬೈಯಲು ಬಂದವಳು ತಾನೂ ಪಕ್ಕದಲ್ಲೇ ಕೂತುಬಿಟ್ಟಳು. ನಿಜ ಹೇಳಲಾ? ನಿನ್ನ ಕಾರಿನ ಅಳತೆ ಬೇರೆಯೇ ಆಗಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೇನೆ.

ಹಾನ್ಯಾಳಿಗೆ ನಮ್ಮಿಬ್ಬರ ಮುತ್ತು. ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ಮಾವ,
ಓಸ್ಟಾಪ್

ಮತ್ತೊಂದು ಮಾತು: ಕವರು ಅಂಟಿಸುತ್ತಿದ್ದಾಗ ಹಾನ್ಯಾ ಫೋನ್ ಮಾಡಿದಳು. "ಅಜ್ಜಾ, ಅಮ್ಮ ಚೀಟಿ ಓದು ಅಂದ್ಲು. ಒಂದು ಒಂಬತ್ತು ಐದು, ಗೀಟು, ಆರು ಐದು, ಆರ್, ಒಂದು ಐದು. ಸರಿಯಾ?" ಸರಿ ಕಂದಾ ಎಂದೆ. ಹೊಸವು ಕೊಂಡುತಂದು ಸುಮ್ಮನಿರಬಹುದಿತ್ತು. ಆದರೆ ಶನಿವಾರ ಇವನ್ನೇ ತರುತ್ತೇನೆ. ಮೊದಲ ಹಿಮದ ಕೆಸರಿಗೇ ಅವನ ಅಕ್ಷರ ಅಳಿಸಿಹೋಗುತ್ತದೆ, ಗೊತ್ತು. ಅವನು ಇವನ್ನು ತಂದಿದ್ದು ನೀವಿಬ್ಬರೂ ಜಾರಬಾರದೆಂದು, ನಾನು ನೋಡುತ್ತ ಕೂರಲೆಂದಲ್ಲ.