ಟೂತ್‌ಪೇಸ್ಟ್ ಮೆತ್ತದ ಗೋಡೆ

ಅಪ್ಪಾ,

ನೀನಿದ್ದಿದ್ದರೆ ಇವತ್ತು ನನ್ನನ್ನು ಬೈಯದೆ ಬಿಡುತ್ತಿರಲಿಲ್ಲ. ವಿಜಯವಾಡದ ಈ ಬಾಡಿಗೆ ಮನೆಯ ಗೋಡೆಗೆ ನಾನೇ ಮುಂದೆ ನಿಂತು ತೂತು ಹೊಡೆಸಿದೆ. ಸೆಕೆಗೆ ಮಗು ನಿದ್ದೆ ಮಾಡುತ್ತಿಲ್ಲ ಎಂದದ್ದೇ ತಡ, ಮನೆ ಓನರ್ ಅನಸೂಯಮ್ಮ ತಾವೇ ಎಸಿ ಕೊಂಡು, ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಬಂದರು. ಬಾಯಿ ಬಿಟ್ಟು ಕೇಳಿದರೆ ಸಾಕಿತ್ತು, ನೋಡು.

ನೀನೋ, ಸೋರುವ ನಲ್ಲಿಗೆ ಬಟ್ಟೆ ಸುತ್ತಿ ಸುಮ್ಮನಾಗುತ್ತಿದ್ದೆ. ಬ್ಯಾಂಕಿನಿಂದ ವರ್ಗದ ಆರ್ಡರ್ ಬಂದಾಗಲೆಲ್ಲ, "ಓನರ್ ಕಣ್ಣಿಗೆ ಬೀಳಬಾರದು ಕಣೇ" ಎಂದು ಕ್ಯಾಲೆಂಡರಿನ ಮೊಳೆ ಕಿತ್ತು, ಆ ತೂತಿಗೆ ಬಿಳಿ ಟೂತ್‌ಪೇಸ್ಟ್ ಮೆತ್ತುತ್ತಿದ್ದೆ. ಒಂದೊಂದು ಮನೆಯಲ್ಲೂ ನಾವು ಇದ್ದ ಗುರುತನ್ನೇ ಅಳಿಸಿ ಬಂದೆವು.

ಕೆಲಸ ಮುಗಿಸಿದ ಮೆಕ್ಯಾನಿಕ್, "ಇನ್ನೇನಾದ್ರೂ ಇದೆಯಾ ಮೇಡಂಗಾರು?" ಎಂದ. "ಒಂದು ಮೊಳೆ..." ಎನ್ನುತ್ತಾ ನಾನು ಅನಸೂಯಮ್ಮನ ಮುಖ ನೋಡಿದೆ.

"ಪರವಾಲೇದಮ್ಮಾ, ಹೊಡೆಸ್ಕೋ. ನೀನಿರೋ ಮನೆ ತಾನೇ?" ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳಿ ನಕ್ಕರು.

ನೀನು ಹೋದಾಗಿನಿಂದ ಮನೆಯಿಂದ ಮನೆಗೆ ಫ್ರಿಜ್ ಮೇಲೆ ಒರಗಿಕೊಂಡೇ ಬಂದ ನಿನ್ನ ಫೋಟೋಗೆ ಕೊನೆಗೂ ಒಂದು ಮೊಳೆ ಸಿಕ್ಕಿತು. ನನಗೆ ವರ್ಗವಾದಾಗ ಟೂತ್‌ಪೇಸ್ಟಿನ ಮಾತು ನೋಡೋಣ. ಸದ್ಯಕ್ಕೆ ಮಗು ಮಲಗಿದೆ, ಎಸಿ ಎದುರಿಗೇ ನೀನಿದ್ದೀಯ.

ನಿನಗೂ ಸ್ವಲ್ಪ ತಂಪಾಗಲಿ.