ಕತ್ತರಿಸಿದ ಎರಡಿಂಚು

ಮಾರ್ಚ್ 4, ಸಂಜೆ 4

ಪುಟ ಕಟ್ಟುವ ದಿನ. ಕೈತುಂಬ ಗೋಂದು. ನಮ್ಮ ಕಾಲೇಜು ಪತ್ರಿಕೆಯಲ್ಲಿ ರಾಜಕೀಯದ ಪುಟ ಗೆಳೆಯ ಉದ್ದಣ್ಣನದು, ನಾಟಕ-ಸಂಗೀತದ ಪುಟ ನನ್ನದು. ಅವನ ಪುಟಕ್ಕೆ ಮಂತ್ರಿಗಳು ಹೆದರುತ್ತಾರೆ, ನನ್ನದಕ್ಕೆ ನಟರು ಮಾತ್ರ... ಅಂದುಕೊಂಡಿದ್ದೆ. ಈಗ ಮೊನ್ನೆ ನಾವು ನೋಡಿದ ನಾಟಕಕ್ಕೂ ಸುತ್ತೋಲೆ ಬಂದಿದೆ. ಸರ್ಕಾರವನ್ನು ಗೇಲಿ ಮಾಡಿದ್ದಾರಂತೆ, ಸರ್ಕಾರಿ ನೌಕರರು ಹೋದರೆ ಕೆಲಸಕ್ಕೆ ಕುತ್ತು.

ಫೋಟೋ ಬಂತು. ಇಂಟರ್ವಲ್‌ನಲ್ಲಿ ಪ್ರೇಕ್ಷಕರು. ಮಧ್ಯದಲ್ಲಿ ಉದ್ದಣ್ಣ. ಬಲತುದಿಯಲ್ಲಿ, ಗೋಡೆ ಗಡಿಯಾರದ ಕೆಳಗೆ — ನಮ್ಮಣ್ಣ! ಸರ್ಕಾರಿ ಗುಮಾಸ್ತ! ಮನೆಯಲ್ಲಿ ಓವರ್‌ಟೈಮ್ ಅಂದಿದ್ದ, ಕಳ್ಳ. ನಾನು ಆಗ ತೆರೆಯ ಹಿಂದೆ ನಟರನ್ನು ಮಾತಾಡಿಸುತ್ತಿದ್ದೆ, ಗೊತ್ತೇ ಆಗಲಿಲ್ಲ.

ಹೆಸರಿಲ್ಲದ ಮುಖ ಅಚ್ಚಾಗಕೂಡದು, ಇದು ನಮ್ಮ ಪತ್ರಿಕೆಯ ನಿಯಮ. ಎಡದಿಂದ ಬಲಕ್ಕೆ, ಎಲ್ಲರ ಹೆಸರು. ಕತ್ತರಿ ತೆಗೆದುಕೊಂಡೆ. ಬಲತುದಿಯ ಎರಡಿಂಚು ಹೋಯಿತು.

"ಚಿತ್ರ ಯಾಕೇ ಇಷ್ಟು ಬಡಕಲಾಯ್ತು?" ಅಂದಳು ಸಂಪಾದಕಿ.

"ಜಾಗ ಸಾಲ್ಲಿಲ್ಲ ಕಣೇ."

ನಂಬಿದಳು.

ಮಾರ್ಚ್ 6

ಉದ್ದಣ್ಣನನ್ನು ಪೊಲೀಸರು ಹಾಸ್ಟೆಲಿನಿಂದ ಹಿಡಿದುಕೊಂಡು ಹೋದರು. ಎರಡನೇ ತಾರೀಕು ಸಂಜೆ ಆರೂವರೆಗೆ ಊರಿನ ಆಚೆ ತುದಿಯಲ್ಲಿ ಬಸ್ಸಿಗೆ ಬೆಂಕಿ ಹಚ್ಚಿದನಂತೆ. ಆ ಹೊತ್ತಿಗೆ ಅವನು ನಾಟಕದಲ್ಲಿದ್ದ!

ಸಂಪಾದಕಿ, ಫೋಟೋಗ್ರಾಫರ್, ನಾನು — ಪುಟ ಹಿಡಿದು ಠಾಣೆಗೆ ಓಡಿದೆವು. ಇನ್‌ಸ್ಪೆಕ್ಟರ್ ತಿರುಗಿಸಿ ತಿರುಗಿಸಿ ನೋಡಿದರು. "ನಾಟಕ ಮೂರು ದಿನ ನಡೀತು. ಇದು ಯಾವತ್ತಿಂದು? ಎಷ್ಟು ಗಂಟೇದು? ಗೆಳೆಯರ ಮಾತು ಬೇಡಮ್ಮಾ, ಪುರಾವೆ ತನ್ನಿ."

ಹೊರಗೆ ಬಂದ ಮೇಲೆ ಫೋಟೋಗ್ರಾಫರ್ ಹಣೆ ಚಚ್ಚಿಕೊಂಡ. "ಗಡಿಯಾರ ಇತ್ತಲ್ಲ! ಅದರ ಕೆಳಗೇ ತಾರೀಕಿನ ಬೋರ್ಡು! ನೆಗೆಟಿವ್ ಕೊಡೇ, ಪೂರ್ತಿ ಪ್ರಿಂಟ್ ಹಾಕ್ತೀನಿ."

ಆಯಾ ಪುಟ ಕಟ್ಟುವವರ ಬಳಿಯೇ ನೆಗೆಟಿವ್ ಇರುತ್ತದೆ. "ಎಲ್ಲಿಟ್ನೋ... ಹುಡುಕ್ತೀನಿ" ಅಂದೆ. ಅನ್ನುತ್ತಲೇ ಬ್ಯಾಗು ಮುಟ್ಟಿ ನೋಡಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ನೆಗೆಟಿವ್ ಈ ಡೈರಿಯ ಹಾಳೆಗಳ ನಡುವೆಯೇ ಇದೆ.

ಮಾರ್ಚ್ 7

ಎಲ್ಲರೆದುರು ಕಪಾಟು ಹುಡುಕಿದೆ. ಚೆನ್ನಾಗಿಯೇ ನಟಿಸಿದೆ.

ಮಾರ್ಚ್ 10, ಮಧ್ಯಾಹ್ನ

ನಾಳೆ ಕೋರ್ಟು. ಉದ್ದಣ್ಣನ ಅಮ್ಮ ಆಫೀಸಿಗೆ ಬಂದಿದ್ದರು. ಠಾಣೆಯವರು ಒಳಗೆ ಬಿಡದ ಊಟದ ಡಬ್ಬಿ ಕೈಯಲ್ಲೇ ಇತ್ತು.

"ನಾಟಕದ ಪುಟ ಬರೆಯೋಳು ನೀನೇನಾಮ್ಮ? ನಿನ್ನ ಪುಟಾನೇ ಮೊದಲು ಓದ್ತಾನೆ. ಆಮೇಲೇ ತನ್ನದು."

ತಲೆ ಎತ್ತಲಾಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯ.

ಸಂಜೆ 6

ಬಸ್ ಸ್ಟಾಪಿನಲ್ಲಿ ಅಣ್ಣನಿಗೆ ಎಲ್ಲ ಹೇಳಿದೆ. ಎರಡು ಬಸ್ಸು ಬಂದು ಹೋದವು, ಅವನು ಹತ್ತಲಿಲ್ಲ.

"ಕತ್ತರಿಸು ಅಂತ ನಾನು ಹೇಳಿದ್ನಾ?"

"ನಿನ್ನ ಕೆಲಸ ಹೋಗುತ್ತೆ ಕಣೋ."

"ಹೋಗುತ್ತೆ." ಬ್ಯಾಗಿನ ಪಟ್ಟಿ ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. "ಅಮ್ಮಂಗೆ ನಾನೇ ಹೇಳ್ತೀನಿ. ನಂಗೆ ಭಯ ಆಗ್ತಿದೆ ಕಣೇ. ಮನಸ್ಸು ಬದಲಾಗೋದ್ರೊಳಗೆ ತಗೊಂಡ್ ಹೋಗು."

ಓಡಿದೆ.

ಮಾರ್ಚ್ 11, ಬೆಳಿಗ್ಗೆ 8

ಪೂರ್ತಿ ಪ್ರಿಂಟು ಮೇಜಿನ ಮೇಲಿದೆ. ಇನ್ನೂ ಸ್ವಲ್ಪ ಒದ್ದೆ. ಗಡಿಯಾರದಲ್ಲಿ ಆರು ಮೂವತ್ತೈದು. ಬೋರ್ಡಿನಲ್ಲಿ ಮಾರ್ಚ್ 2. ಅದರ ಕೆಳಗೆ ಅಣ್ಣ ನಗುತ್ತಿದ್ದಾನೆ. ಕೆಲಸಕ್ಕೆ ಸೇರಿದ ಮೇಲೆ ಅವನು ಹೀಗೆ ನಕ್ಕಿದ್ದನ್ನು ಮನೆಯಲ್ಲಿ ನಾವು ಯಾರೂ ನೋಡಿಲ್ಲ.

ವಕೀಲರು ಬಾಗಿಲಲ್ಲಿ ಕಾಯುತ್ತಿದ್ದಾರೆ. ಸಂಪಾದಕಿ ಚಿತ್ರ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ಪೆನ್ಸಿಲ್ ಕೈಗಿಟ್ಟಳು. ಚಿತ್ರದ ಬೆನ್ನಿಗೆ ಹೆಸರು ಬರೆಯಬೇಕು. ಮೊದಲು ಈ ಡೈರಿಯಲ್ಲಿ ಬರೆದು ನೋಡುತ್ತೇನೆ.

ಏಳು ಜನ ನಮ್ಮ ಕಾಲೇಜಿನವರು, ಅವರ ಹೆಸರು ಗೊತ್ತೇ ಇದೆ. ಎಂಟನೆಯವರು, ಗಡಿಯಾರದ ಕೆಳಗೆ ನಿಂತವರು — ನನ್ನ ಅಣ್ಣ.