ಅಮ್ಮನ ಐದು ಪದಗಳು

ತಮ್ಮಾ,

ಅಮ್ಮ ಆರೋಗ್ಯವಾಗಿದ್ದಾಳೆ. ಮರೆವಿಗೆಂದು ನೀನು ಕಂಡುಹಿಡಿದ ಮಾತ್ರೆಯನ್ನು ತಪ್ಪದೆ ನುಂಗಿಸುತ್ತಿದ್ದೇನೆ.

ಭಾನುವಾರ ಬಂದರೆ ನೀನು ಬಾಗಿಲು ಹಾಕಿಕೊಂಡು ಅವಳ ಜೊತೆ ಕೂರುತ್ತಿದ್ದೆಯಲ್ಲ, ಸದ್ಯ ಇವನಿಗೂ ತಾಯಿ ನೆನಪಾದಳು ಎಂದು ನನ್ನ ಜೀವ ತಂಪಾಗಿತ್ತು. ನೀನು ಹೋದ ಮೇಲೆ ಅವಳು “ಕತ್ತರಿ, ಗುಬ್ಬಿ, ಏಣಿ, ನಿಂಬೆ, ದೀಪ” ಅಂತ ಜಪ ಮಾಡುತ್ತಿದ್ದಳು. ಮುಪ್ಪಿನ ಬಡಬಡಿಕೆ ಅಂದುಕೊಂಡಿದ್ದೆ.

ನಿನ್ನೆ ನಿಮ್ಮ ಆಸ್ಪತ್ರೆಯಲ್ಲಿ, ಮಾತ್ರೆ ಗುಣ ಕೊಟ್ಟಿದೆಯೇ ಎಂದು ನೋಡುವ ನೆನಪಿನ ಪರೀಕ್ಷೆಗೆ ಮೊದಲ ಸಲ ನನ್ನನ್ನೂ ಒಳಗೆ ಕೂರಿಸಿದರು. “ಅಜ್ಜೀ, ಐದು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ” ಎಂದಳು ನರ್ಸ್. ಅವಳು ಒಂದು ಪದವನ್ನೂ ಹೇಳುವ ಮೊದಲೇ ಅಮ್ಮ ಐದನ್ನೂ ಒಪ್ಪಿಸಿಬಿಟ್ಟಳು. ನರ್ಸ್ ಕೈಯಲ್ಲಿದ್ದ ಚೀಟಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ಮಾತ್ರೆ ಗೆಲ್ಲಲಿ ಅಂತ ಹೆತ್ತವಳಿಗೇ ಗಿಳಿಪಾಠ ಮಾಡಿದೆಯಾ? ನಾನು ನಿನ್ನ ಹೆಸರೆತ್ತಲಿಲ್ಲ. ಆ ಮಾತ್ರೆಯನ್ನೇ ನಂಬಿಕೊಂಡಿರುವ ಉಳಿದ ಮನೆಗಳವರಿಗೆ ನೀನೇ ನಿಜ ಹೇಳು.

ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದು, “ನೀವು ಯಾರ ಮನೆಯವರಮ್ಮ?” ಅಂತ ಕೇಳಿದಳು.

ಈ ಭಾನುವಾರವೂ ಬಾ, ಬಾಗಿಲು ಹಾಕಿಕೋ. ಐದು ಕಲಿಸಿದವನಿಗೆ ಆರನೆಯದು ಕಷ್ಟವಾಗಲಾರದು. “ಮಗಳು” ಅಂತ ಒಂದು ಪದ ಕಲಿಸಿ ಹೋಗು.

ನಿನ್ನ ಅಕ್ಕ